ತಾಲೀಮಿನ ಖರ್ಚು



ಈ ದತ್ತಿ ಉಪನ್ಯಾಸದ ವೇದಿಕೆಯಿಂದ ಹಿಂದೆ ಮಾತಾಡಿದವರ ಹೆಸರುಗಳನ್ನು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದೀರಿ. ಓದಿ ಸ್ವಲ್ಪ ದಿಗಿಲಾಯಿತು. ಅವರೆಲ್ಲ ಕವಿಗಳು, ವಿಮರ್ಶಕರು, ಪ್ರಾಧ್ಯಾಪಕರು. ನಾನೋ, ಒಂದು ತಾಲ್ಲೂಕು ಕೇಂದ್ರದ ಹವ್ಯಾಸಿ ನಾಟಕ ತಂಡದಲ್ಲಿ ಇಪ್ಪತ್ತಾರು ವರ್ಷ ಖಜಾಂಚಿಯಾಗಿದ್ದವನು. ಬಣ್ಣ ಹಚ್ಚಿದ್ದು ಎರಡೇ ಸಲ. ಎರಡನೆಯ ಸಲ ಮಾತು ಮರೆತು ಮಿಕಮಿಕ ನೋಡುತ್ತ ನಿಂತದ್ದರಿಂದ ಗೆಳೆಯರು ನನ್ನ ಕೈಗೆ ಲೆಕ್ಕದ ಪುಸ್ತಕ ಕೊಟ್ಟು ಕೂರಿಸಿದರು. ಹಾಗಾಗಿ ಇವತ್ತು ಕಲೆಯ ಬಗ್ಗೆ ನನ್ನಿಂದ ಹೆಚ್ಚೇನೂ ಕೇಳಲು ಸಿಗದು. ಕಲೆಯ ಲೆಕ್ಕದ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಬಲ್ಲೆ.

ಪತ್ರಿಕೆಯಲ್ಲಿ ವಿಷಯವನ್ನು ‘ಸ್ವತಂತ್ರ ಕಲಾವಿದರು, ಕಲಾತಂಡಗಳು ಮತ್ತು ಸೇವಾ ಸಂಸ್ಥೆಗಳು’ ಎಂದು ಅಚ್ಚು ಮಾಡಿದ್ದೀರಿ. ‘ಸ್ವತಂತ್ರ’ ಎಂಬ ಮಾತನ್ನು ನಾನು ಯಾವ ಅರ್ಥದಲ್ಲಿ ಹಿಡಿದಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಕೊನೆಗೆ ಕಲೆಯಿಂದಲೇ ಸಂಬಳ ಬರುವ ಖಾತ್ರಿ ಯಾರಿಗಿಲ್ಲವೋ ಅವರು. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ನಟರು ಸರ್ಕಾರದ ವ್ಯವಸ್ಥೆಯೊಳಗೆ ಬಂದವರು. ಸಿನಿಮಾದವರಿಗೆ ನಿರ್ಮಾಪಕರಿದ್ದಾರೆ. ಇವೆರಡರ ಆಚೆ ಇರುವ ದೊಡ್ಡ ಸಮೂಹದಲ್ಲಿ ಬೆಳಿಗ್ಗೆ ಪಾಠ ಹೇಳಿ ಸಂಜೆ ನಾಟಕ ಕಟ್ಟುವವರು, ಮಳೆಗಾಲದಲ್ಲಿ ಬೇರೆ ಕೆಲಸ ಹುಡುಕುವ ವೇಷಧಾರಿಗಳು, ಬಾಡಿಗೆ ಕೋಣೆಯಲ್ಲಿ ಚಿತ್ರ ಬರೆಯುವ ಹುಡುಗಿಯರು ಇದ್ದಾರೆ. ಇವತ್ತಿನ ಮಾತು ಇವರದು. ಸರ್ಕಾರದ ಇಲಾಖೆ, ಅಕಾಡೆಮಿಗಳ ವಿಚಾರವನ್ನು ಬದಿಗಿಟ್ಟು, ಟ್ರಸ್ಟು, ಸಂಘ, ಪ್ರತಿಷ್ಠಾನ ಎಂದು ನಾವು ಕರೆಯುವ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಮಾತ್ರ ಸೀಮಿತವಾಗುತ್ತೇನೆ.

ನಮ್ಮ ತಂಡದ ಲೆಕ್ಕದ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಕೆಂಪು ಬಟ್ಟೆಯ ಬೈಂಡಿನ ಉದ್ದ ಪುಸ್ತಕ. ಪ್ರತಿ ನಾಟಕಕ್ಕೂ ಎರಡು ಹಾಳೆ. ಒಂದು ಪ್ರದರ್ಶನದ್ದು, ಇನ್ನೊಂದು ತಾಲೀಮಿನದು. ಪ್ರದರ್ಶನದ ಹಾಳೆಯಲ್ಲಿ ಎಡಗಡೆ, ಅಂದರೆ ಜಮೆಯ ಕಡೆ, ಏನಾದರೂ ಇದ್ದೇ ಇರುತ್ತದೆ: ಟಿಕೆಟ್ಟಿನ ದುಡ್ಡು, ಸ್ಮರಣ ಸಂಚಿಕೆಯ ಜಾಹೀರಾತು, ಜವಳಿ ಅಂಗಡಿಯವರ ದೇಣಿಗೆ, ಇಲಾಖೆಯ ಪ್ರಾಯೋಜನೆ. ತಾಲೀಮಿನ ಹಾಳೆಯಲ್ಲಿ ಬಲಗಡೆ ಮಾತ್ರ ತುಂಬಿರುತ್ತದೆ. ಚಹಾ, ಮಂಡಕ್ಕಿ, ಶಾಲೆಯ ಜವಾನನಿಗೆ ಬೀಗ ತೆಗೆದದ್ದಕ್ಕೆ, ನಿರ್ದೇಶಕರ ಬಸ್ ಚಾರ್ಜು, ಹಾರ್ಮೋನಿಯಂ ರಿಪೇರಿ, ಪುನಃ ಚಹಾ. ನಲವತ್ತೈದು ದಿನದ ತಾಲೀಮಿಗೆ ಜಮೆಯ ಕಡೆ ಒಂದು ಗೀಟು. ಇಪ್ಪತ್ತಾರು ವರ್ಷದಲ್ಲಿ ಆ ಜಾಗದಲ್ಲಿ ನಾನು ಅಂಕಿ ಬರೆದದ್ದು ಮೂರು ಸಲ. ನಾಟಕ ನೋಡಲು ದುಡ್ಡು ಕೊಡುವವರಿದ್ದಾರೆ, ಆಡಿದವರಿಗೆ ಶಾಲು ಹೊದಿಸುವವರೂ ಇದ್ದಾರೆ. ನಾಟಕ ಆಗುವ ತನಕ ಅನ್ನ ಹಾಕುವವರು ಯಾರು? ನನ್ನ ಇವತ್ತಿನ ಪ್ರಶ್ನೆ ಇಷ್ಟೇ. ಇದಕ್ಕೆ ನಮ್ಮ ನಾಡಿನಲ್ಲಿ ಕೆಲವರು ಕಂಡುಕೊಂಡ ಉತ್ತರಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ‘ದತ್ತಿ’ ಎಂಬ ಮಾತನ್ನೇ ನೋಡೋಣ. ನಾವು ಇಂದು ಸೇರಿರುವುದೂ ಅದರ ನೆರಳಿನಲ್ಲೇ.

ದತ್ತಿ ಎಂದರೆ ಇವತ್ತು ಬ್ಯಾಂಕಿನಲ್ಲಿ ಇಟ್ಟ ಠೇವಣಿ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ. ಬಡ್ಡಿ ದರ ಇಳಿದಂತೆಲ್ಲ ಎಷ್ಟೋ ದತ್ತಿಗಳ ಉತ್ಪನ್ನ ಹೂಮಾಲೆಗೂ ಕಾಫಿಗೂ ಸಾಲದೆ ಕಾರ್ಯದರ್ಶಿಗಳು ಕೈಯಿಂದ ಹಾಕುವಂತಾಗಿದೆ. ಮುಂದಿನ ಸಾಲಿನಲ್ಲಿ ಇಬ್ಬರು ತಲೆ ಅಲ್ಲಾಡಿಸುತ್ತಿರುವುದು ಕಾಣುತ್ತಿದೆ. ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ಅವರು ಬಿಡುತ್ತಿದ್ದ ದತ್ತಿ ಹೆಚ್ಚಾಗಿ ಭೂಮಿ, ಅದರ ಬೆಳೆ. ಭತ್ತದ ಬೆಲೆ ಏರಿದರೆ ದತ್ತಿಯ ಬೆಲೆಯೂ ತಾನೇ ಏರುತ್ತಿತ್ತು.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ನೀವೆಲ್ಲ ನೋಡಿದ್ದೀರಿ. 8ನೇ ಶತಮಾನದಲ್ಲಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನವೊಂದರಲ್ಲಿ ಒಂದು ಸಣ್ಣ ಸಂಗತಿ ಇದೆ. ಮಾವ ವಿಜಯಾದಿತ್ಯ ಗಾಯಕರಿಗೆ ಹಿಂದೆ ಕೊಟ್ಟಿದ್ದ ಸವಲತ್ತುಗಳನ್ನು ಈ ರಾಣಿ ಸ್ಥಿರಪಡಿಸಿದಳು ಎಂಬುದು. ಹೊಸದಾಗಿ ಏನನ್ನೂ ಕೊಟ್ಟ ಸಂಗತಿಯಲ್ಲ ಇದು. ಮೊದಲು ಕೊಟ್ಟದ್ದು ನಿಲ್ಲದಂತೆ ನೋಡಿಕೊಂಡಳು, ಅದನ್ನೂ ಕಲ್ಲಿನಲ್ಲಿ ಕೆತ್ತಿಸಿದಳು. ನನಗೆ ಆ ಗುಡಿಯ ಗೋಪುರಕ್ಕಿಂತ ಈ ಸಾಲೇ ದೊಡ್ಡದಾಗಿ ಕಾಣುತ್ತದೆ. ಖಜಾಂಚಿಯ ಬುದ್ಧಿ ಎಂದು ನೀವು ನಗಬಹುದು. ಆದರೆ ಯೋಚನೆ ಮಾಡಿ: ಅಧಿಕಾರ ಬದಲಾದಾಗ ಹಿಂದಿನವರ ಯೋಜನೆಗೆ ಹೊಸ ಹೆಸರಿಡುವುದೋ ನಿಲ್ಲಿಸುವುದೋ ನಮ್ಮ ರೂಢಿ. ಹಾಡುವವನಿಗೆ ಬೇಕಾದದ್ದು ‘ಮುಂದಿನ ವರ್ಷವೂ ಇದು ಇರುತ್ತದೆ’ ಎಂಬ ಒಂದು ಮಾತು.

ಶಾಸನದ ಕಾಲ ಕಳೆಯಿತು. ಆದರೆ ಜನರೇ ಕಲೆಯನ್ನು ಹೊತ್ತು ನಡೆಸುವ ಒಂದು ವ್ಯವಸ್ಥೆ ಕರಾವಳಿಯಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಯಕ್ಷಗಾನದ ಹರಕೆ ಆಟಗಳನ್ನು ಕುರಿತು ಹೇಳುತ್ತಿದ್ದೇನೆ. ಮಗುವಿಗೆ ಕಾಯಿಲೆ ವಾಸಿಯಾದರೆ, ಮನೆ ಕಟ್ಟಿ ಮುಗಿದರೆ, ಮಗನಿಗೆ ಕೆಲಸ ಸಿಕ್ಕರೆ ಒಂದು ಆಟ ಆಡಿಸುತ್ತೇನೆ ಎಂದು ಹರಕೆ ಹೊರುತ್ತಾರೆ. ಕಟೀಲು, ಮಂದಾರ್ತಿ, ಧರ್ಮಸ್ಥಳದಂಥ ಕ್ಷೇತ್ರಗಳ ಮೇಳಗಳು ನಡೆಯುವುದು ಹೀಗೆ. ಕೆಲವು ಮೇಳಗಳ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ಟಿಕೆಟ್ ಇಟ್ಟು ಆಡುತ್ತಿದ್ದ ಡೇರೆ ಮೇಳಗಳು ಬಹುಪಾಲು ಮುಚ್ಚಿಹೋದ ಮೇಲೂ ಹರಕೆ ಮೇಳಗಳು ನಿಂತಿವೆ. ಗದ್ದೆಯಲ್ಲಿ ರಂಗಸ್ಥಳ, ಪಕ್ಕದಲ್ಲಿ ಚೌಕಿ, ಊರಿಗೆಲ್ಲ ಊಟ, ಆಟ ನೋಡುವುದು ಉಚಿತ. ಅರ್ಥಶಾಸ್ತ್ರಜ್ಞರು ಇದನ್ನು ಏನೆಂದು ಕರೆಯುತ್ತಾರೋ ತಿಳಿಯದು. ಒಬ್ಬ ಮನೆಯವನು ದುಡ್ಡು ಕೊಟ್ಟು ಇಡೀ ಊರಿಗೆ ಕಲೆ ಉಣಬಡಿಸುವ ಈ ಕ್ರಮದ ಹಿಂದೆ ಅರ್ಜಿ ನಮೂನೆ ಇಲ್ಲ, ತೀರ್ಪುಗಾರರ ಸಮಿತಿ ಇಲ್ಲ.

ಇದರಲ್ಲೂ ಒಂದು ಬಿರುಕಿದೆ. ಹರಕೆ ಆಟ ಪ್ರದರ್ಶನಕ್ಕೆ ಸಲ್ಲುವ ದುಡ್ಡು. ದೀಪಾವಳಿಯ ನಂತರ ಹೊರಟ ಮೇಳ ಮೇ ತಿಂಗಳ ಕೊನೆಯ ವಾರದಲ್ಲಿ, ಪತ್ತನಾಜೆಯ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತದೆ. ಆಮೇಲೆ ಮಳೆಗಾಲ. ವೇಷಧಾರಿಗೆ ಮಳೆಗಾಲದಲ್ಲೂ ಹೊಟ್ಟೆ ಇರುತ್ತದಲ್ಲ! ಹೆಸರಾದವರಿಗೆ ತಾಳಮದ್ದಳೆ, ಮುಂಬೈ ತಿರುಗಾಟ ಸಿಗುತ್ತವೆ. ಇನ್ನು ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಒಂದು ಸ್ತ್ರೀವೇಷ, ಒಂದು ಪುರುಷವೇಷ, ಭಾಗವತ, ಮದ್ದಳೆ, ಪುಟ್ಟ ಶ್ರುತಿಪೆಟ್ಟಿಗೆ. ಮಂಗಳೂರಿನ ನನ್ನ ತಂಗಿಯ ಮನೆಗೆ ಒಮ್ಮೆ ಹೀಗೆ ಬಂದಿದ್ದರು. ಹೊರಗೆ ಧಾರಾಕಾರ ಮಳೆ. ಕೃಷ್ಣನ ವೇಷದ ಹುಡುಗ ಚಾವಡಿಗೆ ಕಾಲಿಡುವ ಮುಂಚೆ ಒದ್ದೆ ಪಾದವನ್ನು ಕಾಲೊರಸಿಗೆ ಹತ್ತು ಸಲ ಉಜ್ಜಿದ. ಹತ್ತು ನಿಮಿಷದ ಪ್ರಸಂಗ. ಕಾಣಿಕೆ, ಅಕ್ಕಿ, ತೆಂಗಿನಕಾಯಿ. ಮುಂದಿನ ಮನೆ.

ಆ ಹುಡುಗನಂಥವರ ಮಳೆಗಾಲವನ್ನು ನೋಡಿಕೊಳ್ಳುವ ಕೆಲಸವನ್ನು ಉಡುಪಿಯಲ್ಲಿ ಒಂದು ಸಂಸ್ಥೆ ಕೈಗೆತ್ತಿಕೊಂಡಿತು. ಈಗ ಅದಕ್ಕೆ ಬರುತ್ತೇನೆ.

ಯಕ್ಷಗಾನ ಕಲಾರಂಗ ಹುಟ್ಟಿದ್ದು 1975ರಲ್ಲಿ. ಪ್ರಶಸ್ತಿ, ಸನ್ಮಾನ, ಪ್ರದರ್ಶನ ಮುಂತಾದ ಎಲ್ಲ ಸಂಘಗಳೂ ಮಾಡುವುದನ್ನು ಅದೂ ಮಾಡುತ್ತದೆ. ನಾನು ಅದರ ಹೆಸರು ಎತ್ತಿದ್ದು ಬೇರೆಯದಕ್ಕೆ. ಕಲಾವಿದರ ಕ್ಷೇಮಕ್ಕೆಂದು ‘ಯಕ್ಷನಿಧಿ’ ಎಂಬ ವ್ಯವಸ್ಥೆ ಮಾಡಿದರು. ವಿಮೆ ಮಾಡಿಸಿದರು. ಖಾಸಗಿ ಬಸ್ ಮಾಲೀಕರ ಜತೆ ಮಾತಾಡಿ ಕಲಾವಿದರಿಗೆ ರಿಯಾಯಿತಿ ಬಸ್ ಪಾಸ್ ಕೊಡಿಸಿದರು. ಮನೆ ಇಲ್ಲದವರಿಗೆ ದಾನಿಗಳನ್ನು ಹಿಡಿದು ಮನೆ ಕಟ್ಟಿಸಿಕೊಟ್ಟರು. ‘ವಿದ್ಯಾಪೋಷಕ್’ ಎಂಬ ಹೆಸರಿನಲ್ಲಿ ಬಡ ಮಕ್ಕಳ ಓದಿಗೆ ನೆರವಾಗುವುದನ್ನು ಒಂದು ದೊಡ್ಡ ಕೆಲಸವಾಗಿ ಬೆಳೆಸಿದರು. ಭಾಗವತ ಪಟ್ಲ ಸತೀಶ ಶೆಟ್ಟಿಯವರ ಹೆಸರಿನ ಫೌಂಡೇಶನ್ ಕೂಡ ಕಲಾವಿದರ ಮನೆ, ವೈದ್ಯಕೀಯ ನೆರವು ಎಂದು ಇದೇ ದಾರಿಯಲ್ಲಿ ನಡೆಯುತ್ತಿದೆ.

ಬಸ್ ಪಾಸ್ ಕಲೆಗೆ ಬೆಂಬಲವೇ ಎಂದು ಕೇಳುವವರು ಇರಬಹುದು. ರಾತ್ರಿಯಿಡೀ ಕುಣಿದು, ಬಣ್ಣ ತೆಗೆದು, ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಹೋಗಿ, ಮಲಗಿ ಎದ್ದು, ಸಂಜೆ ಇನ್ನೊಂದು ಊರಿಗೆ ಬಸ್ ಹತ್ತುವವನ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಉತ್ತರ ಸಿಗುತ್ತದೆ. ಸಂಸ್ಥೆ ಕಟ್ಟುವವರು ಕಲಾವಿದನನ್ನು ವೇದಿಕೆಯ ಮೇಲೆ ನೋಡಿ ಯೋಜನೆ ಮಾಡಿದರೆ ಶಾಲು ಹೊಳೆಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿ ಯೋಜನೆ ಮಾಡಿದರೆ ಪಾಸ್ ಹೊಳೆಯುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದದ್ದು ಮೇಳಗಳ ತಿರುಗಾಟ ಭರದಿಂದ ನಡೆಯುತ್ತಿದ್ದ ಹೊತ್ತಿನಲ್ಲಿ. ರಾತ್ರೋರಾತ್ರಿ ಆಟ ನಿಂತಾಗ, ಯಾರು ಎಲ್ಲಿದ್ದಾರೆ, ಯಾರ ಮನೆಯಲ್ಲಿ ಎಷ್ಟು ಜನ ಎಂದು ಮೊದಲೇ ಗೊತ್ತಿದ್ದ ಸಂಸ್ಥೆಗಳಿಗೆ ನೆರವು ಮುಟ್ಟಿಸುವುದು ಸುಲಭವಾಯಿತು. ಗೊತ್ತಿಲ್ಲದವರು ಪಟ್ಟಿ ಮಾಡುವುದರಲ್ಲೇ ತಿಂಗಳು ಕಳೆದರು. ನಮ್ಮ ಊರಿನಲ್ಲಿ ನಾವು ಎರಡನೆಯ ಸಾಲಿಗೆ ಸೇರಿದವರು, ಒಪ್ಪಿಕೊಳ್ಳುತ್ತೇನೆ.

ಕರಾವಳಿಯಿಂದ ಘಟ್ಟ ಹತ್ತಿ ಹೆಗ್ಗೋಡಿಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ತಂಡ ಬದುಕಿದ್ದೇ ಈ ಊರಿನ ಕೃಪೆಯಿಂದ.

ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಶುರುವಾದದ್ದು 1949ರಲ್ಲಿ. ಅಡಿಕೆ ಬೆಳೆಗಾರರು ಸಂಜೆ ಸೇರಿ ನಾಟಕ ಮಾಡುತ್ತಿದ್ದ ಸಂಘ. ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಅದು ಬೆಳೆದು 1980ರಲ್ಲಿ ರಂಗಶಿಕ್ಷಣ ಕೇಂದ್ರವಾಯಿತು. 1985ರಲ್ಲಿ ‘ತಿರುಗಾಟ’ ಶುರುವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ದೇಶವೆಲ್ಲ ಹೆಗ್ಗೋಡನ್ನು ನಕ್ಷೆಯಲ್ಲಿ ಹುಡುಕಿತು. ಈ ಕಥೆ ನಿಮಗೆಲ್ಲ ಗೊತ್ತು. ನಾನು ಹೇಳಹೊರಟದ್ದು ಅದರ ಲೆಕ್ಕದ ಮರ್ಮ.

ಎಂಬತ್ತರ ದಶಕದ ಮೊದಲಿಗೆ ನೀನಾಸಮ್ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಸಿತು. ಊರೂರಲ್ಲಿ ನಾಟಕ ಶಿಬಿರ, ಸಿನಿಮಾ ರಸಗ್ರಹಣ ಶಿಬಿರ. ಹೊರಗಿನ ದುಡ್ಡು ಬರುತ್ತದೆ, ಅವಧಿ ಮುಗಿಯುತ್ತದೆ, ದುಡ್ಡಿನೊಂದಿಗೆ ಕೆಲಸವೂ ಮುಗಿಯುತ್ತದೆ ಎಂಬುದು ನಾವು ಎಷ್ಟೋ ಕಡೆ ನೋಡಿದ ಕಥೆ. ಇಲ್ಲಿ ಹಾಗಾಗಲಿಲ್ಲ. ಶಿಬಿರಗಳು ಊರೂರಲ್ಲಿ ನಾಟಕದ ಹುಚ್ಚಿನ ನಾಲ್ಕಾರು ಜನರನ್ನು ಹುಟ್ಟುಹಾಕಿದ್ದವು. ಅದರ ಬೆನ್ನಿಗೇ ಬಂದ ತಿರುಗಾಟ ನಿಂತದ್ದು ಅಂಥವರ ಬಲದ ಮೇಲೆ.

ತಿರುಗಾಟ ನಡೆಯುವ ಬಗೆ ಹೀಗೆ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು. ಮಳೆ ಹಿಂದೆ ಸರಿದ ಮೇಲೆ ನಟರು, ರಂಗಪರಿಕರ, ದೀಪಗಳೆಲ್ಲ ಒಂದು ಗಾಡಿಯಲ್ಲಿ ಹೊರಡುತ್ತವೆ. ಪ್ರತಿ ಊರಿನಲ್ಲೂ ಒಂದು ಸ್ಥಳೀಯ ಸಂಘಟನೆ ಅವರನ್ನು ಬರಮಾಡಿಕೊಳ್ಳುತ್ತದೆ. ಪ್ರದರ್ಶನದ ಮೊತ್ತ ಕೊಡುವುದು, ಊಟ ವಸತಿ ನೋಡಿಕೊಳ್ಳುವುದು, ಟಿಕೆಟ್ ಮಾರುವುದು ಆ ಊರಿನವರ ಹೊಣೆ. ನಟರು ಆ ಇಡೀ ಅವಧಿಗೆ ನಾಟಕವೊಂದನ್ನೇ ಕಸುಬಾಗಿ ಇಟ್ಟುಕೊಂಡವರು. ಕೇಂದ್ರದ, ರಾಜ್ಯದ ಅನುದಾನವೂ ನೀನಾಸಮ್‌ಗೆ ಬಂದಿದೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ನಾಡಿನ ಉದ್ದಗಲಕ್ಕೆ ನೂರಾರು ಸಣ್ಣ ಕೈಗಳು ಅದನ್ನು ಹಿಡಿದಿವೆ. ಒಂದು ಕೈ ಜಾರಿದರೆ ಆ ಊರಿನ ಪ್ರದರ್ಶನ ತಪ್ಪೀತು, ತಿರುಗಾಟ ನಿಲ್ಲಲಾರದು.

ಆ ಕೈಗಳಲ್ಲಿ ಒಂದು ನಮ್ಮದು. ಹನ್ನೆರಡು ವರ್ಷ ತಿರುಗಾಟವನ್ನು ನಮ್ಮೂರಿಗೆ ಕರೆಸಿದೆವು. ನಟರ ಊಟದ ವ್ಯವಸ್ಥೆ ನಮ್ಮ ಮನೆಯದು. ಬೆಳಿಗ್ಗೆ ಎಂಟಕ್ಕೆ ಬಂದವರು ಇಡ್ಲಿ ತಿಂದು, ಪುಟ್ಟ ವೇದಿಕೆಯನ್ನು ಅಳತೆ ಪಟ್ಟಿ ಹಿಡಿದು ಅಳೆದು, ಮೊಳೆ ಹೊಡೆದು, ಮಧ್ಯಾಹ್ನ ಅಲ್ಲೇ ಚಾಪೆ ಹಾಸಿ ಮಲಗಿ, ಸಂಜೆ ಆರೂಮುಕ್ಕಾಲಿಗೆ ರಾಜರಾಗಿ ನಿಲ್ಲುತ್ತಿದ್ದರು. ನಮ್ಮ ಹುಡುಗರು ಅದನ್ನು ಬಾಯಿ ತೆರೆದು ನೋಡುತ್ತಿದ್ದರು. ಮರುದಿನ ಅವರ ಗಾಡಿ ಹೊರಟ ಮೇಲೆ ನಮ್ಮವರು ತಾಲೀಮಿಗೆ ಐದು ನಿಮಿಷ ಮೊದಲೇ ಬರತೊಡಗಿದ್ದರು. ಯಾವ ಕಾರ್ಯಾಗಾರವೂ ಮಾಡದ ಕೆಲಸವನ್ನು ಆ ಮೊಳೆಯ ಸದ್ದು ಮಾಡಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಕಟ್ಟಿದ ‘ಶಿವಸಂಚಾರ’ವೂ 1997ರಿಂದ ಇದೇ ರೀತಿ ಊರೂರು ತಿರುಗುತ್ತಿದೆ. ಅಲ್ಲಿ ಬೆನ್ನಿಗೆ ಮಠವಿದೆ, ಇಲ್ಲಿ ಅಡಿಕೆ ತೋಟದವರ ಸಂಘವಿದೆ. ಆಸರೆ ಬೇರೆ, ಗಾಡಿ ಒಂದೇ.

ಇಷ್ಟು ಹೊತ್ತು ತಂಡಗಳ ಮಾತಾಯಿತು. ಒಬ್ಬಂಟಿಯಾಗಿ ಕೆಲಸ ಮಾಡುವ ಕಲಾವಿದೆಯ ಗತಿ ಏನು? ಅವಳಿಗೆ ಸಂಘವಿಲ್ಲ, ನೋಂದಣಿ ಸಂಖ್ಯೆ ಇಲ್ಲ. ಒಂದು ಕುತೂಹಲ ಇದೆ, ಅಷ್ಟೇ.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ (ಐ.ಎಫ್.ಎ.) 1993ರಲ್ಲಿ ಸ್ಥಾಪನೆಯಾಗಿ 1995ರಿಂದ ಅನುದಾನ ಕೊಡುತ್ತ ಬಂದಿದೆ. ಅದನ್ನು ಮೊದಲು ಮುನ್ನಡೆಸಿದ ಅನ್ಮೋಲ್ ವೆಲ್ಲಾನಿಯವರು ಫೋರ್ಡ್ ಪ್ರತಿಷ್ಠಾನದಲ್ಲಿ ಕೆಲಸ ಮಾಡಿ ಬಂದವರು, ಸ್ವತಃ ರಂಗಕರ್ಮಿ. ಈ ಸಂಸ್ಥೆ ವ್ಯಕ್ತಿಗಳಿಗೆ ನೇರವಾಗಿ ಹಣ ಕೊಡುತ್ತದೆ. ಸಂಶೋಧನೆಗೆ, ಹೊಸ ಪ್ರಯೋಗಕ್ಕೆ, ಅಂದರೆ ನನ್ನ ಲೆಕ್ಕದ ಪುಸ್ತಕದ ಆ ಖಾಲಿ ಗೀಟಿನ ಜಾಗಕ್ಕೆ. ‘ಏನು ಮಾಡಿ ಮುಗಿಸಿದ್ದೀರಿ’ ಎನ್ನುವುದಕ್ಕಿಂತ ‘ಏನನ್ನು ಹುಡುಕಬೇಕೆಂದಿದ್ದೀರಿ’ ಎಂದು ಕೇಳುವ ಕಡೆ ಅದರ ಒಲವು. ‘ಕಲಿ ಕಲಿಸು’ ಎಂಬ ಕಾರ್ಯಕ್ರಮದಲ್ಲಿ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರು ತಮ್ಮ ಊರಿನ ಕಲೆಯನ್ನು ತರಗತಿಯೊಳಗೆ ತರುವುದಕ್ಕೆ ನೆರವು ಪಡೆದರು. ‘ಪ್ರಾಜೆಕ್ಟ್ 560’ ಎಂಬ ಇನ್ನೊಂದು ಕಾರ್ಯಕ್ರಮದ ಹೆಸರು ಬಂದದ್ದು ಬೆಂಗಳೂರಿನ ಪಿನ್‌ಕೋಡಿನಿಂದ. ಅಲ್ಲಿನ ಬಡಾವಣೆ, ಬೀದಿಗಳನ್ನು ಕುರಿತ ಕೆಲಸ ಅದು.

ಹೊಗಳಿಕೆಯ ಜತೆಗೆ ಒಂದು ಕೊರಗನ್ನೂ ಹೇಳಬೇಕು. ಅದು ಯಾವುದೇ ಒಂದು ಸಂಸ್ಥೆಯ ಮೇಲಿನ ದೂರಲ್ಲ. ಈ ಸಂಸ್ಥೆಯಂತೂ ಕನ್ನಡದಲ್ಲೇ ಬರೆದ ಪ್ರಸ್ತಾವನೆಯನ್ನೂ ತೆಗೆದುಕೊಳ್ಳುತ್ತದೆ. ಆದರೂ ‘ಪ್ರಸ್ತಾವನೆ’ ಎಂಬ ಪ್ರಕಾರವೇ ನಮ್ಮ ಕಲಾವಿದರಿಗೆ ಹೊಸದು. ನಾಳೆ ಏನು ಹೊಳೆಯುತ್ತದೆ ಎಂದು ಇವತ್ತೇ ಎರಡು ಪುಟದಲ್ಲಿ ಬರೆದು, ಅದಕ್ಕೆ ಬಜೆಟ್ ಹಚ್ಚುವುದು. ತೊಗಲುಬೊಂಬೆಯವನಿಗೆ ಅದು ಬಾರದು. ಅದು ಬರುವ ಹುಡುಗನಿಗೆ ಎಷ್ಟೋ ಸಲ ತೊಗಲು ಹದ ಮಾಡಲು ಬಾರದು. ಮಧ್ಯೆ ಕೂತು ಕೇಳಿ ಬರೆದುಕೊಡುವ ಒಬ್ಬ ಬೇಕು, ಹಳೆಯ ಕಾಲದಲ್ಲಿ ಅಂಚೆ ಕಚೇರಿಯ ಮುಂದೆ ಪತ್ರ ಬರೆದುಕೊಡುತ್ತಿದ್ದವರ ಹಾಗೆ. ಕಲೆಗೆ ನೆರವಾಗಬೇಕೆಂದು ನನ್ನ ಬಳಿ ಬರುವ ನಿವೃತ್ತ ಮೇಷ್ಟರುಗಳಿಗೆ ನಾನು ಹೇಳುವುದು ಇದನ್ನೇ: ನೀವು ಕವನ ಬರೆದದ್ದು ಸಾಕು, ಒಬ್ಬರಿಗೆ ಅರ್ಜಿ ಬರೆದುಕೊಡಿ.

ಇಲ್ಲೇ ಇನ್ನೊಂದು ಮಾತು. ತಂಡ ನಡೆಸುವುದೂ ಒಂದು ವಿದ್ಯೆ ಎಂಬ ಅರಿವು ಬಂದದ್ದು ತಡವಾಗಿ. 2008ರ ಮಾರ್ಚ್‌ನಲ್ಲಿ ಹೆಗ್ಗೋಡಿನಲ್ಲಿ ದೇಶದ ರಂಗಕರ್ಮಿಗಳು ಸೇರಿದ್ದರು. 1956ರಲ್ಲಿ ಸಂಗೀತ ನಾಟಕ ಅಕಾಡೆಮಿ ದೆಹಲಿಯಲ್ಲಿ ನಡೆಸಿದ್ದ ಡ್ರಾಮಾ ಸೆಮಿನಾರನ್ನು ನೆನೆದು, ಸ್ವಲ್ಪ ತುಂಟತನದಿಂದ ‘ನಾಟ್ ದಿ ಡ್ರಾಮಾ ಸೆಮಿನಾರ್’ ಎಂದು ಹೆಸರಿಟ್ಟಿದ್ದರು. ಅದನ್ನು ಸಂಘಟಿಸಿದ ಇಂಡಿಯಾ ಥಿಯೇಟರ್ ಫೋರಂ, ಮುಂದೆ ಐ.ಎಫ್.ಎ. ಮತ್ತು ಮುಂಬೈಯ ಜುನೂನ್ ಜತೆ ಸೇರಿ ‘ಸ್ಮಾರ್ಟ್’ ಎಂಬ ತರಬೇತಿ ಶುರುಮಾಡಿತು. ನಾಟಕ ತಂಡದವರಿಗೆ ಹಣಕಾಸು, ಪ್ರೇಕ್ಷಕ ವರ್ಗ, ಮುಂದಾಲೋಚನೆ ಇವನ್ನು ಕಲಿಸುವ ತರಬೇತಿ. ಖಜಾಂಚಿಗಳಿಗೂ ಒಂದು ಪಾಠಶಾಲೆ ಬಂತಲ್ಲ ಎಂದು ನನಗೆ ಖುಷಿಯಾಯಿತು.

ಇನ್ನು ಜಾಗದ ವಿಚಾರ. ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ.

1990ರಲ್ಲಿ ಶಂಕರ್ ನಾಗ್ ತೀರಿಕೊಂಡರು. ಅವರ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಸಂಕೇತ್ ಟ್ರಸ್ಟಿನ ಮೂಲಕ ಕಟ್ಟಿದ ರಂಗಶಂಕರ ರಂಗಮಂದಿರ ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆಯಿತು. ನಡುವೆ ಹದಿನಾಲ್ಕು ವರ್ಷ. ಅಷ್ಟು ವರ್ಷ ದುಡ್ಡೆತ್ತಲು ಓಡಾಡಿ ಕಟ್ಟಿದ ಮೇಲೆ ಯಾರಿಗಾದರೂ ಬಾಡಿಗೆ ಏರಿಸುವ ಆಸೆ ಬರುವುದು ಸಹಜ. ಅವರು ಬಾಡಿಗೆಯನ್ನು ಸಣ್ಣ ತಂಡಗಳ ಕೈಗೆಟಕುವಂತೆ ಇಟ್ಟರು. ಸೋಮವಾರ ಬಿಟ್ಟು ದಿನವೂ ನಾಟಕ ಎಂದು ಹಟ ಹಿಡಿದರು. ಹೊತ್ತಾದ ಮೇಲೆ ಬಂದರೆ ಎಂಥವರಿಗೂ ಒಳಗೆ ಬಿಡುವುದಿಲ್ಲ. ನನ್ನನ್ನೂ ಒಮ್ಮೆ ಬಿಡಲಿಲ್ಲ, ಕ್ಯಾಂಟೀನಿನಲ್ಲಿ ಕೂತು ವಾಪಸು ಬಂದೆ. ಕಡಿಮೆ ಬಾಡಿಗೆ ಎಂದರೆ ಅದೂ ಒಂದು ಅನುದಾನವೇ. ಚೆಕ್ ಬರೆಯದೆ ಕೊಡುವ ಅನುದಾನ, ಅಷ್ಟೇ. ಅದಕ್ಕೆ ಹಣ ಬಳಕೆ ಪ್ರಮಾಣಪತ್ರವೂ ಬೇಕಿಲ್ಲ. ಅದೇ ಬೆಂಗಳೂರಿನಲ್ಲಿ 1 ಶಾಂತಿ ರೋಡ್ ಎಂಬ ಮನೆ ಚಿತ್ರಕಲಾವಿದರಿಗೆ ಹೀಗೇ ಬಾಗಿಲು ತೆರೆದಿಟ್ಟಿದೆ. ಕಲಾವಿದ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ಕಲಾವಿದರು ಉಳಿದು ಕೆಲಸ ಮಾಡುವ ತಾಣ ಮಾಡಿದರು. ಹಿಂದೆ ತಾಲ್ಲೂಕು ಕೇಂದ್ರಗಳಲ್ಲಿ ಶಾಲೆಯ ಹೆಡ್‌ಮಾಸ್ತರರು ಬೀಗದ ಕೈ ಕೊಟ್ಟುಬಿಡುತ್ತಿದ್ದರು. ಈಗ ಸಿ.ಸಿ. ಕ್ಯಾಮೆರಾ, ಸುತ್ತೋಲೆ, ಹೊಣೆಗಾರಿಕೆ. ಅವರನ್ನೂ ಬೈಯುವಂತಿಲ್ಲ.

ಪ್ರಮಾಣಪತ್ರ ಎಂದೊಡನೆ ಕೊನೆಯ ಭಾಗಕ್ಕೆ ಬಂದಂತಾಯಿತು. ಕಾನೂನಿನ ಮಾತು, ಸ್ವಲ್ಪ ಒಣ ಮಾತು. ಸಹಿಸಿಕೊಳ್ಳಿ.

ಒಮ್ಮೆ ಒಂದು ಕಚೇರಿಯಿಂದ ನಮ್ಮ ನಾಟಕಕ್ಕೆ ನೆರವು ಮಂಜೂರಾಯಿತು. ಯಾವ ಕಚೇರಿ ಎಂದು ಕೇಳಬೇಡಿ. ನಾಟಕ ಆಡಿ ಹದಿನಾಲ್ಕು ತಿಂಗಳ ಮೇಲೆ ಓಚರುಗಳ ಮೇಲೆ ತಕರಾರು ಬಂತು. ರಂಗಸಜ್ಜಿಕೆ ಸಾಗಿಸಿದ ಟ್ರ್ಯಾಕ್ಟರಿನವನ ಬಿಲ್ಲಿನಲ್ಲಿ ರೆವಿನ್ಯೂ ಸ್ಟಾಂಪ್ ಇಲ್ಲ. ಆತ ಅಷ್ಟರಲ್ಲಿ ಟ್ರ್ಯಾಕ್ಟರ್ ಮಾರಿ ಮಗಳ ಊರಿಗೆ ಹೋಗಿದ್ದ. ಒಂದು ರೂಪಾಯಿಯ ಸ್ಟಾಂಪ್ ಜೇಬಿನಲ್ಲಿಟ್ಟುಕೊಂಡು ಎರಡು ಬಸ್ ಬದಲಿಸಿ ಹೋದೆ. ಕಣದಲ್ಲಿ ಒಕ್ಕುತ್ತಿದ್ದವನು ಕೈ ಒರಸಿಕೊಂಡು ಬಂದು ಸಹಿ ಮಾಡಿ ಕೇಳಿದ: ‘ನಿಮ್ ನಾಟಕ ಇನ್ನೂ ಮುಗೀಲಿಲ್ವಾ ಸ್ವಾಮಿ?’

ನಿಜ, ಮುಗಿಯುವುದಿಲ್ಲ. 1960ರ ಸಂಘಗಳ ಕಾಯ್ದೆಯಡಿ ನೋಂದಣಿ, ಪ್ರತಿ ವರ್ಷ ಲೆಕ್ಕ ಸಲ್ಲಿಕೆ, ಆದಾಯ ತೆರಿಗೆಯ 12ಎಬಿ, 80ಜಿ. 80ಜಿ ಇದ್ದರೆ ದಾನಿಗೆ ತೆರಿಗೆ ವಿನಾಯಿತಿ. ಆದರೆ ಈಗ ಹೆಚ್ಚಿನ ಸಂಬಳದಾರರು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದಾರೆ, ಅಲ್ಲಿ ಆ ವಿನಾಯಿತಿ ಸಿಗುವುದಿಲ್ಲ. ನಗದಾಗಿ ಕೊಟ್ಟರೆ 2,000 ರೂಪಾಯಿ ಮೀರಿದ ದೇಣಿಗೆಗೆ ಅದು ಮೊದಲೇ ಸಿಗದು. ನಮ್ಮ ಜವಳಿ ಅಂಗಡಿಯವರು ಯಾವತ್ತೂ ವಿನಾಯಿತಿ ಕೇಳಿದವರಲ್ಲ, ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಕೇಳಿದವರು. ಹಾಗಾಗಿ ನಾವು ಉಳಿದೆವು.

ಕಂಪನಿಗಳ ದುಡ್ಡು ಇದೆಯಲ್ಲ ಎನ್ನುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯೂ ಸೇರಿದೆ. ಆದರೆ ಆ ದುಡ್ಡು ಪಡೆಯುವ ಸಂಸ್ಥೆಗೆ ಮೂರು ವರ್ಷದ ಅನುಭವ, 12ಎಬಿ, 80ಜಿ, ಸಿ.ಎಸ್.ಆರ್. ನೋಂದಣಿ ಎಲ್ಲ ಬೇಕು. ಅದೂ ಅಲ್ಲದೆ ಶೌಚಾಲಯ ಕಟ್ಟಿದರೆ ಎಣಿಸಿ ತೋರಿಸಬಹುದು, ಗಮಕ ಕಲಿಸಿದರೆ ಏನನ್ನು ಎಣಿಸುವುದು? ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಇನ್ನೂ ಬಿಗಿ. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಸರ್ಕಾರದ ಅನುಮಾನಕ್ಕೆ ಕಾರಣಗಳು ಇರಬಹುದು, ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ದೊಡ್ಡ ಸಂಸ್ಥೆ ಪಡೆದು ಸಣ್ಣ ತಂಡಕ್ಕೆ ಹಂಚುವ ದಾರಿಗೆ ಬೇಲಿ ಬಿತ್ತು ಎಂಬುದು ಮಾತ್ರ ಲೆಕ್ಕದ ಸತ್ಯ. ಒಂದೇ ಸಮಾಧಾನವೆಂದರೆ ನಾಟಕ, ನೃತ್ಯದ 500 ರೂಪಾಯಿವರೆಗಿನ ಟಿಕೆಟ್ಟಿಗೆ ಜಿ.ಎಸ್.ಟಿ. ಇಲ್ಲ. ನಮ್ಮ ಟಿಕೆಟ್ ನೂರು ದಾಟಿದ್ದೇ ಇಲ್ಲ, ಬಿಡಿ.

ಅಮೆರಿಕದಲ್ಲಿ ಇಂಥ ಇಕ್ಕಟ್ಟಿಗೆ ಒಂದು ಉಪಾಯ ಕಂಡುಕೊಂಡಿದ್ದಾರೆ. 1971ರಲ್ಲಿ ಶುರುವಾದ ನ್ಯೂಯಾರ್ಕ್ ಫೌಂಡೇಶನ್ ಫಾರ್ ದಿ ಆರ್ಟ್ಸ್ ಮುಂತಾದ ಸಂಸ್ಥೆಗಳು ಸ್ವತಂತ್ರ ಕಲಾವಿದನಿಗೆ ತಮ್ಮ ನೋಂದಣಿಯ ಕೊಡೆ ಹಿಡಿಯುತ್ತವೆ. ದಾನಿ ಸಂಸ್ಥೆಗೆ ಕೊಡುತ್ತಾನೆ, ಸಂಸ್ಥೆ ಲೆಕ್ಕಪತ್ರ ನೋಡಿಕೊಂಡು, ಸ್ವಲ್ಪ ಶುಲ್ಕ ಹಿಡಿದು, ಕಲಾವಿದನ ಯೋಜನೆಗೆ ಒದಗಿಸುತ್ತದೆ. ಕಲಾವಿದ ತಾನೇ ಟ್ರಸ್ಟ್ ಕಟ್ಟಿ ಆಡಿಟರ ಬಾಗಿಲು ಕಾಯಬೇಕಿಲ್ಲ. ಅಲ್ಲೂ ಎಲ್ಲ ಸುಸೂತ್ರವಲ್ಲ. ಅವರ ಕೇಂದ್ರ ಸರ್ಕಾರದ ಕಲಾ ನಿಧಿ 1990ರ ದಶಕದ ರಾಜಕೀಯ ಗದ್ದಲದ ನಂತರ ಹೆಚ್ಚಿನ ಪ್ರಕಾರಗಳಲ್ಲಿ ವ್ಯಕ್ತಿಗಳಿಗೆ ನೇರ ಅನುದಾನವನ್ನೇ ನಿಲ್ಲಿಸಿತು. ಸರ್ಕಾರ ಕೈ ಎಳೆದುಕೊಂಡಾಗ ಇಂಥ ಕೊಡೆಗಳ ಅಗತ್ಯ ಇನ್ನೂ ಹೆಚ್ಚಾಯಿತು.

ನಮ್ಮಲ್ಲಿ ಆ ಕ್ರಮವನ್ನು ಹಾಗೆಯೇ ತರಲು ಬಾರದು. ನಮ್ಮ ಕಾನೂನಿನಲ್ಲಿ ಕೆಲಸ ಸಂಸ್ಥೆಯದ್ದೇ ಆಗಿರಬೇಕು, ಖರ್ಚಿಗೆ ಸಂಸ್ಥೆಯೇ ಉತ್ತರ ಹೇಳಬೇಕು. ಆದರೆ ಜಿಲ್ಲೆಗೊಂದು ಗಟ್ಟಿ ಸಂಸ್ಥೆ ಇದೆಯಲ್ಲ? ನೋಂದಣಿ, 80ಜಿ, ಆಡಿಟರು, ಗುಮಾಸ್ತೆ ಎಲ್ಲ ಇರುವಂಥದು? ಊರಿನ ತಂಡದ ಹೊಸ ನಾಟಕವನ್ನು ಅದು ತನ್ನದೇ ಯೋಜನೆಯೆಂದು ಠರಾವು ಮಾಡಿ ಎತ್ತಿಕೊಳ್ಳಬಹುದು. ಅದರ ಓಚರು ನೋಡುವ ಗುಮಾಸ್ತೆಯೇ ನಾಲ್ಕು ತಂಡಗಳ ಓಚರೂ ನೋಡಬಹುದು. ಇದಕ್ಕೆ ಹೊಸ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಬೇರೆಯವರ ತಪ್ಪಿಗೆ ತಾನು ಸಹಿ ಹಾಕುವ ಎದೆಗಾರಿಕೆ. ಖಜಾಂಚಿಗಳು ಹೆದರುತ್ತಾರೆ. ನಾನೂ ಹೆದರುತ್ತಿದ್ದೆ. ಒಂದು ಬೊಂಬೆ ತಂಡಕ್ಕೆ ಹೀಗೆ ನೆರಳಾಗಿ ಎಂದು ಕೇಳಿ ಬಂದಾಗ ನಾವು ಆಗುವುದಿಲ್ಲ ಎಂದೆವು. ಆ ತಂಡ ಈಗ ಇಲ್ಲ.

ಸಮಯ ಮೀರಿದ್ದನ್ನು ಅಧ್ಯಕ್ಷರ ಗಡಿಯಾರ ಹೇಳುತ್ತಿದೆ. ಇನ್ನೊಂದೇ ಮಾತು.

ಸಂಜೆ ಸ್ವಲ್ಪ ಬೇಗ ಬಂದಿದ್ದೆ. ಕೆಳಗಿನ ಅಂತಸ್ತಿನಲ್ಲಿ ಒಂದು ಸಣ್ಣ ಸಭಾಂಗಣ ಇದೆ, ಹೊರಗಿನಿಂದ ಬೀಗ ಹಾಕಿದೆ. ಕಿಟಕಿಯಿಂದ ಇಣುಕಿದೆ. ಮರದ ನೆಲ, ನಾಲ್ಕು ಫ್ಯಾನು, ಗೋಡೆಗೆ ಒರಗಿಸಿದ ಕುರ್ಚಿಗಳು. ಕಾವಲಿನವರನ್ನು ಕೇಳಿದೆ. ‘ವರ್ಷಕ್ಕೆ ನಾಲ್ಕೈದು ಕಾರ್ಯಕ್ರಮ ಸಾರ್, ಉಳಿದಂತೆ ಮುಚ್ಚಿರ್ತದೆ’ ಎಂದರು. ಈ ಊರಿನ ಎರಡು ತಂಡಗಳು ಬಸ್ ನಿಲ್ದಾಣದ ಹಿಂದಿನ ಗೋದಾಮಿನಲ್ಲಿ ತಾಲೀಮು ಮಾಡುತ್ತಿವೆ ಎಂಬುದು ನನಗೆ ಗೊತ್ತು. ಅವರಲ್ಲಿ ಕೆಲವರು ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ವೇದಿಕೆ ಹತ್ತುವ ಮೊದಲು ಕಾರ್ಯದರ್ಶಿಗಳ ಬಳಿ ಇದನ್ನು ಎತ್ತಿದೆ. ಸಂಜೆ ಆರರಿಂದ ಒಂಬತ್ತು, ವಾರಕ್ಕೆ ಐದು ದಿನ, ಕರೆಂಟಿನ ಬಿಲ್ ತಂಡಗಳದ್ದು. ಕಾರ್ಯಕಾರಿ ಸಮಿತಿಯ ಮುಂದೆ ಇಡಬೇಕಾಗುತ್ತದೆ ಎಂದರು, ನ್ಯಾಯವೇ. ಮುಂದಿನ ಸಭೆ ಈ ತಿಂಗಳ ಕೊನೆಯ ಶನಿವಾರವಂತೆ. ವಿಷಯಪಟ್ಟಿಯಲ್ಲಿ ಏಳನೆಯದಾಗಿ ಬರೆದುಕೊಂಡಿದ್ದಾರೆ. ಅಷ್ಟು ಕೆಳಗಿನ ವಿಷಯಕ್ಕೆ ಬರುವ ಹೊತ್ತಿಗೆ ಸದಸ್ಯರು ಎದ್ದು ಹೊರಟಿರುತ್ತಾರೆ ಎಂಬ ಅನುಭವ ನನಗಿದೆ. ಎರಡನೆಯದಕ್ಕೆ ಏರಿಸಿ ಎಂದು ಅಧ್ಯಕ್ಷರಲ್ಲಿ ಎಲ್ಲರ ಮುಂದೆ ಬೇಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಏನಾಯಿತು ಎಂದು ಕೇಳುತ್ತೇನೆ.